ಒಬ್ಬನೇ ಡೈಸ್ ಹಾಕ್ತಾನೆ, ಉಳಿದವ್ರು ಮೊಬೈಲ್ ನೋಡ್ತಾರೆ, ಎಂತ ಮಾಡುದು?

ಪ್ರಶ್ನೆ: ಸರ್, ನಾವು ಬದಿಯಡ್ಕದವ್ರು, ಆದಿತ್ಯವಾರ ಸೇರಿ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರಾಗನ್ಸ್, ಒಬ್ಬೊಬ್ರು ಒಂದೊಂದು ಪಾತ್ರ ಆಗಿ ಕಥೆ ಕಟ್ಟುವ ಡೈಸಿನ ಆಟ) ಆಡ್ತೇವೆ. ಪ್ಲೇಯರ್ಸ್ ಐದು ಜನ, ಡಿಎಂ, ಅಂದ್ರೆ ಕಥೆ ನಡೆಸುವವ, ನಾನು. ಫೈಟ್ ಬಂದ್ರೆ ಎಲ್ಲರಿಗೂ ಗಮ್ಮತ್ತು. ಆದ್ರೆ ಹೊಳೆ ದಾಟುದು, ಕೋಟೆಯೊಳಗೆ ನುಗ್ಗುದು ಅಂತ ಸ್ಕಿಲ್ ಚಾಲೆಂಜ್, ಅಂದ್ರೆ ಪಾತ್ರದ ಕೌಶಲ್ಯಕ್ಕೆ ಡೈಸ್ ಹಾಕಿ ಗೆಲ್ಲುವ ಸವಾಲು, ಇಟ್ರೆ ಡೈಸಿಗೆ ಸೇರಿಸುವ ಬೋನಸ್ ಜಾಸ್ತಿ ಇದ್ದವ ಒಬ್ಬನೇ ಡೈಸ್ ಹಾಕುದು, ಉಳಿದವ್ರೆಲ್ಲ ಮೊಬೈಲ್ ಒಳಗೆ. ಎಲ್ಲರೂ ಹಾಕ್ಲೇಬೇಕು ಅಂದ್ರೆ ಯಾರೋ ಒಬ್ಬ ಫೇಲ್ ಆಗಿ ಇಡೀ ಪ್ಲಾನ್ ಹಾಳು. ಮಂಡೆ ಬಿಸಿ ಆಗಿದೆ. – ಬದಿಯಡ್ಕದ ಓದುಗರು

ಉತ್ತರ: ಮಾರಾಯ್ರೆ, ಎರಡನೇ ತೊಂದರೆಗೆ ಮದ್ದು ಸುಲಭ, ಅದನ್ನು ಮೊದ್ಲು ಮುಗಿಸುವ. ಒಬ್ಬೊಬ್ಬನಿಗೂ ಸದ್ದಿಲ್ಲದೆ ನುಗ್ಗುವ ಸ್ಕಿಲ್ ಆದ ಸ್ಟೆಲ್ತ್‌ನಲ್ಲಿ ಪಾಸಾಗುವ ಚಾನ್ಸ್ 70% ಉಂಟು ಅಂತ ಇಟ್ಕೊಳ್ಳಿ, ಕೇಳ್ಲಿಕ್ಕೆ ಒಳ್ಳೇದೇ, ಆದ್ರೆ ಐದು ಜನವೂ ಪಾಸಾಗ್ಬೇಕು ಅಂದ ಕೂಡ್ಲೆ ಅದು ಸುಮಾರು 17%ಕ್ಕೆ ಬಂದು ಬೀಳ್ತದೆ, ಅಂದ್ರೆ ಆರು ಸಲ ನುಗ್ಗಿದ್ರೆ ಐದು ಸಲ ಸಿಕ್ಕಿಬೀಳುದೇ. ಅದಕ್ಕೇ 2014ರ ಐದನೇ ಎಡಿಶನ್‌ನಲ್ಲಿ ಗ್ರೂಪ್ ಚೆಕ್ ಅಂತ ಇಟ್ಟಿದ್ದು: ಎಲ್ಲರೂ ಹಾಕಿ, ಅರ್ಧ ಜನವಾದ್ರೂ ಪಾಸಾದ್ರೆ ಇಡೀ ಗುಂಪು ಪಾಸ್. ಐವರಲ್ಲಿ ಮೂವರು ಸಾಕು, ಅದೇ 70% ಇದ್ದವ್ರಿಗೆ ಈಗ ಚಾನ್ಸ್ ಸುಮಾರು 84%. ಕಬ್ಬಿಣದ ಕವಚ ಹಾಕ್ಕೊಂಡು ಗಲಗಲ ಅಂತ ಬರುವ ಫೈಟರ್‌ನ ಬಾಯಿ ಮುಚ್ಚಿ ಕಂಬದ ಹಿಂದೆ ಎಳ್ಕೊಂಡದ್ದು ರೋಗ್, ಅಂದ್ರೆ ಗುಂಪಿನ ಕಳ್ಳನ ಪಾತ್ರ, ಅಂತ ನೀವು ಹೇಳಿದ್ರೆ ಆಯ್ತು.

ಮೊಬೈಲ್ ರೋಗ ಬೇರೆ. ಅದಕ್ಕೆ ನಿಯಮ ಬದಲಾಯಿಸಿದ್ರೆ ಸಾಲ್ದು, ನೀವು ಕೇಳುವ ಪ್ರಶ್ನೆ ಬದಲಾಗ್ಬೇಕು.

ಈ ಸ್ಕಿಲ್ ಚಾಲೆಂಜ್ ಅನ್ನುದು 2008ರ ನಾಲ್ಕನೇ ಎಡಿಶನ್‌ನಲ್ಲಿ ಬಂದದ್ದು, ಮೂರು ಸೋಲು ಆಗುವ ಮೊದ್ಲು ಇಂತಿಷ್ಟು ಗೆಲುವು ಅಂತ ಲೆಕ್ಕ. ನಾನೂ ಶುರುವಿಗೆ ಹಾಗೇ ಆಡಿಸಿದ್ದು, ಶಿರಿಯ ಹೊಳೆ ದಾಟುವ ಒಂದು ಸೀನ್, ಆರು ಗೆಲುವು ಬೇಕು ಅಂತ ಪೇಪರಲ್ಲಿ ಗೀಟು ಎಳ್ದು ಕೂತೆ. "ಅಥ್ಲೆಟಿಕ್ಸ್, ಹದಿನೇಳು." "ಪಾಸ್, ನೆಕ್ಸ್ಟ್." "ನಾನೂ ಅಥ್ಲೆಟಿಕ್ಸ್." ರೇಷನ್ ಅಂಗಡಿ ಕ್ಯೂ ಆಯ್ತು ಮಾರಾಯ್ರೆ! ಹೊಳೆಯೂ ಇಲ್ಲ, ನೀರೂ ಇಲ್ಲ. ಅದ್ರ ಮೇಲೆ ಸೋತರು ಕೂಡ, ಯಾಕಂದ್ರೆ ಒಂದೊಂದು ಡೈಸಿಗೆ 65% ಚಾನ್ಸ್ ಇದ್ರೂ ಮೂರು ಸೋಲಿನೊಳಗೆ ಆರು ಗೆಲ್ಲುದು ಬರೀ 43% ಅಷ್ಟೇ. ನಾಲ್ಕು ಗೆಲುವು ಸಾಕು ಅಂದ್ರೆ ಅದೇ 65%ಕ್ಕೆ ಬರ್ತದೆ. ಹಾಗಾಗಿ ಹೊಸಬರಿಗೆ ನಾಲ್ಕೇ ಇಡಿ.

ಆಮೇಲೆ ನಂಗೆ ದಾರಿ ಕಂಡದ್ದು ಕಟ್ಟ, ಅಂದ್ರೆ ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು, ಕಟ್ಟುದನ್ನು ನೋಡಿ. ಏತಡ್ಕದ ಕಡೆ ಮಳೆ ನಿಂತ ಮೇಲೆ ತೋಡಿಗೆ ಕಟ್ಟ ಹಾಕ್ತಾರಲ್ಲ, ಅಲ್ಲಿ ಕಲ್ಲು ಹೊರುವವ ಒಬ್ಬ, ಮಣ್ಣು ಮೆಟ್ಟುವವ ಇನ್ನೊಬ್ಬ, ಎಲ್ಲಿ ನೀರು ಜಿನುಗ್ತಾ ಉಂಟು ಅಂತ ಕೂಗಿ ಹೇಳುವ ಅಜ್ಜ ಒಬ್ರು ದಡದಲ್ಲಿ. "ನಿಂಗೆ ಯಾವ ಸ್ಕಿಲ್ ಉಂಟು" ಅಂತ ಅಲ್ಲಿ ಯಾರೂ ಕೇಳುದಿಲ್ಲ, ಇಲ್ಲಿ ಮುಚ್ಚಿದ್ರೆ ನೀರು ಅಲ್ಲಿ ತೂರ್ತದೆ, ಹತ್ರ ಇದ್ದವ ಓಡ್ಬೇಕು.

ಅದನ್ನೇ ಟೇಬಲ್‌ಗೆ ತಂದೆ. ಅಕಾಲದ ಮಳೆ, ರಾತ್ರಿಯೊಳಗೆ ಕಟ್ಟ ಮುಗೀಬೇಕು. ಫೈಟರ್ ದೊಡ್ಡ ಕಲ್ಲು ಉರುಳಿಸಿ ಪಾಸಾದ. ನಾನು "ಪಾಸ್" ಅನ್ಲಿಲ್ಲ, "ಕಲ್ಲು ಕೂತಿತು, ಆದ್ರೆ ನೀರೀಗ ಎಡಕ್ಕೆ ತಿರುಗಿ ದರೆ ಕೊರೀತಾ ಉಂಟು, ದರೆ ಮೇಲೆ ನಿಂತದ್ದು ಬಾರ್ಡ್, ಕಾಲಡಿ ಮಣ್ಣು ಜಾರ್ತಾ ಉಂಟು, ಎಂತ ಮಾಡ್ತೀಯ?" ಅಂದೆ. ಬಾರ್ಡ್ ಅಂದ್ರೆ ಹಾಡುಗಾರನ ಪಾತ್ರ, ಅವನಿಗೆ ಶಕ್ತಿ ಬೋನಸ್ ಸೊನ್ನೆ. ಒಂದು ನಿಮಿಷ ತಲೆ ಕೆರ್ಕೊಂಡು, ಸುಸ್ತಾಗಿ ಮನೆಗೆ ಹೊರಟಿದ್ದ ಆಳುಗಳನ್ನು ನಿಲ್ಲಿಸ್ಲಿಕ್ಕೆ ಗದ್ದೆ ಕೆಲಸದ ಹಾಡು ಓಬೇಲೆ ಶುರು ಮಾಡಿದ, ಟೇಬಲ್ ಬಡಿದು ನಿಜವಾಗ್ಲೂ ಹಾಡಿದ! ಪರ್ಫಾರ್ಮೆನ್ಸ್ ಚೆಕ್, ಹತ್ತೊಂಬತ್ತು. ಮೊಬೈಲ್‌ಗಳು ಎಲ್ಲಿದ್ದವೋ ಯಾರಿಗೂ ನೆನಪಿಲ್ಲ.

ಗುಟ್ಟು ಇಷ್ಟೇ: ಪ್ರತಿ ಡೈಸ್ ಆದ್ಮೇಲೆ ಪರಿಸ್ಥಿತಿ ಬದಲಾಗ್ಬೇಕು, ಹೊಸ ತೊಂದರೆ ಸುಮ್ನೆ ಕೂತವನ ಮಡಿಲಿಗೇ ಬೀಳ್ಬೇಕು. ಕ್ಯಾರೆಕ್ಟರ್ ಹೆಸರು ಹಿಡಿದು ಕರೀರಿ. ಎಂತ ಮಾಡ್ತಾನೆ ಅಂತ ಅವ ಹೇಳ್ಲಿ, ಯಾವ ಸ್ಕಿಲ್ ಅಂತ ಆಮೇಲೆ ನೀವು ಹೇಳಿ. ಒಬ್ಬ ಒಂದು ಸ್ಕಿಲ್ಲನ್ನು ಒಂದೇ ಸಲ ಬಳಸ್ಲಿಕ್ಕೆ ಬಿಡುದು ಒಳ್ಳೇದು. ಸರದಿ ಪ್ರಕಾರ ಎಲ್ಲರೂ ಹಾಕ್ಲೇಬೇಕು ಅಂತ ಕೆಲವ್ರು ಮಾಡ್ತಾರೆ, ನಂಗೆ ಅದು ಸರಿ ಕಾಣುದಿಲ್ಲ, ಮತ್ತೆ ಅದೇ ಕ್ಯೂ. ಮಾಂತ್ರಿಕ ಒಂದು ಸ್ಪೆಲ್ ಖರ್ಚು ಮಾಡಿದ್ರೆ ಡೈಸ್ ಕೇಳ್ಬೇಡಿ, ಒಂದು ಗೆಲುವು ಕೊಟ್ಬಿಡಿ. "ನಾನು ಹೆಲ್ಪ್ ಮಾಡ್ತೇನೆ" ಅಂದವನ ಹತ್ರ ಮಾತ್ರ "ಹೇಗೆ?" ಅಂತ ಕೇಳದೆ ಅಡ್ವಾಂಟೇಜ್ (ಎರಡು ಡೈಸ್ ಹಾಕಿ ದೊಡ್ಡದನ್ನು ತೆಕ್ಕೊಳ್ಳುವ ಅವಕಾಶ) ಕೊಡ್ಬೇಡಿ, ಇಲ್ಲದಿದ್ರೆ ಅದೊಂದು ಅಭ್ಯಾಸ ಆಗ್ತದೆ.

ಪ್ರಶ್ನೆ: ಮೂರು ಸೋಲು ಆಗಿಬಿಟ್ರೆ ಕಥೆ ಅಲ್ಲೇ ನಿಲ್ತದಲ್ಲ? – ಅವರೇ

ಉತ್ತರ: ನಿಲ್ಲುವ ಹಾಗಿದ್ರೆ ಅಲ್ಲಿ ಚಾಲೆಂಜ್ ಇಡ್ಲೇಬೇಡಿ. ಗುಂಪು ಮುಂದೆ ಹೋಗ್ಲೇಬೇಕು ಅಂತಿದ್ರೆ ಹೋಗ್ಲಿ, ಎಷ್ಟು ಕಳ್ಕೊಂಡು ಹೋಗ್ತಾರೆ ಅನ್ನುದಕ್ಕೆ ಡೈಸ್ ಹಾಕಿಸಿ. ನನ್ನ ಟೇಬಲಲ್ಲಿ ಕಟ್ಟ ಕೊನೆಗೆ ಒಡೀತು, ಯಾರೂ ಸಾಯ್ಲಿಲ್ಲ, ಆದ್ರೆ ನೀರು ನುಗ್ಗಿದ್ದು ಕೆಳಗಿನ ಅಡಕೆ ತೋಟಕ್ಕೆ, ಆ ತೋಟ ಬಾರ್ಡ್‌ನ ಮಾವನದ್ದು. ಮಾವ ಯಾರು, ತೋಟ ಎಲ್ಲಿ ಅಂತ ಆಟ ಶುರುವಾಗುವ ಮೊದ್ಲೇ ಒಂದು ಮಾತು ಹೇಳಿಟ್ಟಿರಿ.