ಅವಳಿಗೆ ಸ್ವಲ್ಪ ಹೊತ್ತು ಬೇಕು

ಪ್ರಶ್ನೆ: ನಮ್ಮ ಮಗಳಿಗೆ ಈಗ ಐದೂವರೆ ವರ್ಷ. ಬರುವ ಜೂನ್ ತಿಂಗಳಲ್ಲಿ ಒಂದನೇ ತರಗತಿಗಾಗಿ ಹೊಸ ಶಾಲೆಗೆ ಸೇರಲಿದ್ದಾಳೆ. ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ತುಳುವಿನಲ್ಲಿಯೂ ಕನ್ನಡದಲ್ಲಿಯೂ ಬಿಡುವಿಲ್ಲದೆ ಮಾತನಾಡುವ ಈ ಹುಡುಗಿ, ಮದುವೆಗೋ ಪೂಜೆಗೋ ಹೋದರೆ ನನ್ನ ಬೆನ್ನ ಹಿಂದೆ ಸರಿದು ಬಾಯಿ ಮುಚ್ಚಿಬಿಡುತ್ತಾಳೆ. ‘ನಿನಗೇನು ಬಾಯಿಲ್ಲವಾ ಮಾರಾಯ್ತಿ?’ ಎಂದು ನೆಂಟರು ಗಲ್ಲ ಹಿಂಡಿದರೆ ಇನ್ನಷ್ಟು ಮುದುಡುತ್ತಾಳೆ. ಮಲ್ಪೆಯ ಕಡಲತೀರಕ್ಕೆ ಕರೆದೊಯ್ದರೆ ಬಹಳ ಹೊತ್ತು ದೂರದಲ್ಲೇ ನಿಂತು ಅಲೆ ಎಲ್ಲಿಯವರೆಗೆ ಬರುತ್ತದೆಂದು ನೋಡುತ್ತಾಳೆ. ಒಮ್ಮೆ ನೀರಿಗಿಳಿದ ಮೇಲೆ ಅವಳನ್ನು ಹೊರಗೆ ಕರೆತರುವುದೇ ನಮಗೊಂದು ಕೆಲಸವಾಗುತ್ತದೆ. ಕಳೆದ ವಿಟ್ಲಪಿಂಡಿಯ ದಿನ ರಥಬೀದಿಯಲ್ಲಿ ತಾಸೆಯ ಸದ್ದು ಕೇಳಿದೊಡನೆ ನನ್ನ ಹೆಗಲಿಗೆ ಮುಖ ಒತ್ತಿಕೊಂಡವಳು, ಮರುದಿನ ಮನೆಯಲ್ಲಿ ಸ್ಟೀಲಿನ ತಟ್ಟೆ ಬಡಿಯುತ್ತ ಇಡೀ ಹುಲಿವೇಷವನ್ನು ಕುಣಿದು ತೋರಿಸಿದಳು. ಒಂದು ಹುಲಿ ತಲೆ ಕಳಚಿಟ್ಟು ಚಾ ಕುಡಿದದ್ದನ್ನೂ ಅವಳು ಬಿಟ್ಟಿರಲಿಲ್ಲ. ಮೊನ್ನೆ ಅವಳ ಅಜ್ಜಿಗೆ, ‘ಅತ್ತೆಯ ಎದುರಿಗೆ ಪತ್ರೊಡೆ ಚೆನ್ನಾಗಿದೆ ಎಂದಿರಿ, ಈಗ ಉಪ್ಪು ಜಾಸ್ತಿ ಎನ್ನುತ್ತೀರಿ, ಯಾವುದು ನಿಜ?’ ಎಂದು ಕೇಳಿದಳು. ನನಗೇನೋ ಇವಳು ಹುಟ್ಟಾ ತತ್ತ್ವಜ್ಞಾನಿಯೆಂದೇ ಅನ್ನಿಸುತ್ತದೆ. ಬಾಲವಾಡಿಯಲ್ಲಿ ಗೆಳತಿಯರೊಂದಿಗೆ ಚೆನ್ನಾಗಿ ಮಾತನಾಡುತ್ತಾಳೆ ಎಂದು ಟೀಚರ್ ಹೇಳಿದ್ದಾರೆ. ಆದರೂ ಈ ಸಂಕೋಚವನ್ನು ಈಗಲೇ ಬಿಡಿಸದಿದ್ದರೆ ಮುಂದೆ ಕಷ್ಟವೆಂದು ಮನೆಯ ಹಿರಿಯರ ಅಭಿಪ್ರಾಯ. ಅವಳನ್ನು ಮುಂದಕ್ಕೆ ತಳ್ಳಬೇಕೇ, ಅಥವಾ ಇದ್ದ ಹಾಗೆಯೇ ಬಿಡಬೇಕೇ?
– ಒಬ್ಬ ತಂದೆ, ಉಡುಪಿ

ಉತ್ತರ: ನಿಮ್ಮ ಪತ್ರದಲ್ಲಿ ಉತ್ತರದ ಅರ್ಧಭಾಗ ಮಲ್ಪೆಯ ಮಾತಿನಲ್ಲಿಯೇ ಇದೆ. ಮೊದಲು ದೂರ ನಿಂತು ನೋಡಿ, ಅಲೆಯ ಅಂದಾಜು ಸಿಕ್ಕಿದ ಮೇಲೆ ಮನಸಾರೆ ಆಡುವ ಮಗುವನ್ನು ಹೆದರುಪುಕ್ಕಲಿ ಎನ್ನಲಾಗದು. ಸ್ಟೆಲ್ಲಾ ಚೆಸ್ ಮತ್ತು ಅಲೆಕ್ಸಾಂಡರ್ ಥಾಮಸ್ ಎಂಬ ಮನೋವೈದ್ಯ ದಂಪತಿ 1956ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದ ಅಧ್ಯಯನವೊಂದರಲ್ಲಿ ಮಕ್ಕಳನ್ನು ಎಳೆಗೂಸುಗಳಾಗಿದ್ದಾಗಿನಿಂದ ದೊಡ್ಡವರಾಗುವವರೆಗೂ ಗಮನಿಸಿದರು. ಹೊಸತನ್ನು ಕಂಡಾಗ ಮೊದಲು ಹಿಂದೆ ಸರಿದು, ನಿಧಾನವಾಗಿ ಹೊಂದಿಕೊಳ್ಳುವವರು ಅವರ ಲೆಕ್ಕದಲ್ಲಿ ಸುಮಾರು ಶೇಕಡಾ 15ರಷ್ಟಿದ್ದರು. ಸುಲಭವಾಗಿ ಹೊಂದಿಕೊಳ್ಳುವವರು ಶೇಕಡಾ 40ರಷ್ಟು, ಸಂಭಾಳಿಸಲು ಕಷ್ಟವಾದವರು ಶೇಕಡಾ 10ರಷ್ಟು. ಉಳಿದ ಮೂರನೇ ಒಂದು ಭಾಗಕ್ಕೂ ಹೆಚ್ಚಿನ ಮಕ್ಕಳು ಯಾವ ಗುಂಪಿಗೂ ಸೇರಲಿಲ್ಲ ಎಂಬುದೇ ನನಗೆ ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಇಷ್ಟವಾದ ಸಂಗತಿ. ಮಗು ಸ್ವಲ್ಪ ಬೇರೆಯಾಗಿದ್ದರೆ ತಾಯಿಯತ್ತಲೇ ಬೆರಳು ತೋರಿಸುತ್ತಿದ್ದ ಕಾಲದಲ್ಲಿ, ಮಕ್ಕಳು ಹುಟ್ಟುವಾಗಲೇ ಒಂದು ಒಲವನ್ನು ತರುತ್ತಾರೆ ಎಂದು ಇವರು ತೋರಿಸಿಕೊಟ್ಟರು. ಆ ಒಲವು ಒಳ್ಳೆಯದೋ ಕೆಟ್ಟದೋ ಎಂಬುದಕ್ಕಿಂತ, ಮನೆ ಮತ್ತು ಶಾಲೆ ಅದಕ್ಕೆ ಎಷ್ಟು ಹೊಂದಿಕೊಳ್ಳುತ್ತವೆ ಎಂಬುದೇ ಮುಖ್ಯವೆಂಬುದು ಅವರ ವಾದವಾಗಿತ್ತು.

ಹಾಗೆಂದು ಒಲವು ಹಣೆಬರಹವೂ ಅಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜೆರೋಮ್ ಕೇಗನ್ ನಾಲ್ಕು ತಿಂಗಳ ಶಿಶುಗಳಿಗೆ ಹೊಸ ನೋಟ, ಹೊಸ ಸದ್ದುಗಳನ್ನು ಒಡ್ಡಿ ನೋಡಿದಾಗ, ಸುಮಾರು ಐದರಲ್ಲಿ ಒಂದು ಮಗು ಕೈಕಾಲು ಬಡಿದು ಅಳುವಷ್ಟು ತೀವ್ರವಾಗಿ ಪ್ರತಿಕ್ರಿಯಿಸಿತು. ಅಂಥವರಲ್ಲಿ ಹಲವರು ಮುಂದೆ ಅಪರಿಚಿತರ ಎದುರು ಹಿಂಜರಿದರು, ಆದರೆ ಎಲ್ಲರೂ ಅಲ್ಲ. ಆದ್ದರಿಂದ ನಿಮ್ಮ ಎರಡು ಆಯ್ಕೆಗಳಲ್ಲಿ ಯಾವುದನ್ನೂ ನಾನು ಒಪ್ಪಲಾರೆ. ತಳ್ಳಿದರೆ ಹಿಂಜರಿಕೆ ಗಟ್ಟಿಯಾಗುತ್ತದೆ. ಹೋಗಲಿ ಬಿಡಿ ಎಂದು ಸಮಾರಂಭಗಳಿಗೆ ಕರೆದೊಯ್ಯುವುದನ್ನೇ ನಿಲ್ಲಿಸಿದರೆ ಹೊಂದಿಕೊಳ್ಳುವ ಅಭ್ಯಾಸವೇ ಆಗುವುದಿಲ್ಲ. ಮದುವೆಯ ಸಭಾಭವನಕ್ಕೆ ಜನ ಸೇರುವ ಮೊದಲೇ ತಲುಪಿ, ಅವಳು ಜಾಗವನ್ನು ನೋಡಿಕೊಳ್ಳಲಿ. ಹಿರಿಯರಿಗೆ ಮಾತಿಲ್ಲದೆ ಕೈಮುಗಿದರೂ ಅದು ನಮಸ್ಕಾರವೇ. ನೆಂಟರು ಕೇಳಿದಾಗ ‘ಅವಳಿಗೆ ನಾಚಿಕೆ’ ಎಂದು ನೀವೇ ಹೇಳಬೇಡಿ. ‘ಅವಳಿಗೆ ಸ್ವಲ್ಪ ಹೊತ್ತು ಬೇಕು’ ಎನ್ನಿ. ಆಗ ನೆಂಟರಿಗೂ ಉತ್ತರ ಸಿಗುತ್ತದೆ, ಅವಳ ದಾರಿಯೂ ತೆರೆದಿರುತ್ತದೆ. (ಊಟದ ಪಂಕ್ತಿಯ ನಡುವೆ ಮಗುವನ್ನು ನಿಲ್ಲಿಸಿ ಒಂದು ಪದ್ಯ ಹೇಳಿಸುವ ನಮ್ಮ ಕಡೆಯ ಪದ್ಧತಿಗೆ ಕೊನೆ ಯಾವಾಗಲೋ!) ಹೊಸ ಶಾಲೆಗೂ ಇದೇ ಕ್ರಮ ಸಾಕು: ಮೇ ತಿಂಗಳಲ್ಲೇ ಅನುಮತಿ ಪಡೆದು ತರಗತಿಯ ಕೋಣೆ, ಅಂಗಳ, ಶೌಚಾಲಯಗಳನ್ನು ತೋರಿಸಿ ಬನ್ನಿ.

ಒಂದು ವಿಷಯದಲ್ಲಿ ನಿಮ್ಮೊಂದಿಗೆ ನನ್ನ ತಕರಾರಿದೆ. ‘ಹುಟ್ಟಾ ತತ್ತ್ವಜ್ಞಾನಿ’ ಎಂಬುದೂ ‘ನಾಚಿಕೆಯ ಹುಡುಗಿ’ ಎಂಬಂತೆ ಅಂಟಿಸಿದ ಚೀಟಿಯೇ, ಪ್ರೀತಿಯಿಂದ ಅಂಟಿಸಿದ್ದು ಅಷ್ಟೆ. ಅದಕ್ಕಿಂತ ಚಾ ಕುಡಿದ ಹುಲಿಯ ಸಂಗತಿ ನಿಮ್ಮ ಮಗಳನ್ನು ನನಗೆ ಚೆನ್ನಾಗಿ ಪರಿಚಯಿಸಿತು. ಅವಳು ಏನು ಮಾಡಿದಳು, ಏನು ಹೇಳಿದಳು ಎಂಬುದನ್ನು ತಾರೀಕಿನೊಂದಿಗೆ ಒಂದು ಪುಸ್ತಕದಲ್ಲಿ ಬರೆದಿಡಿ; ಅವಳು ಎಂಥವಳು ಎಂದು ಮಾತ್ರ ಬರೆಯಬೇಡಿ, ಏಕೆಂದರೆ ಐದು ವರ್ಷದ ಮಗುವಿಗೆ ಬೇರೆಯವಳಾಗುವ ಹಕ್ಕು ಇನ್ನೂ ಪೂರ್ತಿಯಾಗಿ ಉಳಿದಿದೆ.

ಪತ್ರೊಡೆಯ ಪ್ರಶ್ನೆಯಂತೂ ಆ ವಯಸ್ಸಿಗೆ ಸಹಜವಾದದ್ದು. ಇನ್ನೊಬ್ಬರ ಮನಸ್ಸಿನಲ್ಲಿರುವುದು ನಿಜಕ್ಕಿಂತ ಬೇರೆಯಾಗಿರಬಹುದು ಎಂಬ ತಿಳಿವು ಮಕ್ಕಳಲ್ಲಿ ನಾಲ್ಕು ವರ್ಷದ ಆಸುಪಾಸಿನಲ್ಲಿ ಮೂಡುತ್ತದೆ. ಬೇಸರವಾಗದಿರಲೆಂದು ಹೇಳುವ ಸಣ್ಣ ಸುಳ್ಳಿನ ಕಾರಣ ತಿಳಿಯಲು ಇನ್ನೂ ಕೆಲವು ವರ್ಷ ಬೇಕು. ‘ಉಪ್ಪು ಜಾಸ್ತಿಯಾದದ್ದೇ ನಿಜ, ಅತ್ತೆಗೆ ನೋವಾಗಬಾರದೆಂದು ಹಾಗೆ ಹೇಳಿದೆ’ ಎಂದು ಅಜ್ಜಿ ಒಪ್ಪಿಕೊಂಡರೆ ಮುಗಿಯಿತು. ಗದರಿಸುವ ಅಗತ್ಯವಿಲ್ಲ.

ವೈದ್ಯರನ್ನು ಕಾಣಬೇಕಾದದ್ದು ಯಾವಾಗ ಎಂಬುದನ್ನೂ ಹೇಳಿಬಿಡುತ್ತೇನೆ. ಮನೆಯಲ್ಲಿ ಸರಾಗವಾಗಿ ಮಾತನಾಡುವ ಮಗು, ಶಾಲೆ ಆರಂಭವಾದ ಮೊದಲ ತಿಂಗಳು ಕಳೆದ ಮೇಲೂ ಅಲ್ಲಿ ಒಂದು ತಿಂಗಳಿಗಿಂತ ಹೆಚ್ಚು ಕಾಲ ಮಾತನ್ನೇ ಆಡದಿದ್ದರೆ, ಮಕ್ಕಳ ತಜ್ಞರನ್ನು ಅಥವಾ ಮನೋವೈದ್ಯರನ್ನು ಕಾಣುವುದು ಒಳ್ಳೆಯದು. ಅಂಥ ಮೌನಕ್ಕೆ ಚಿಕಿತ್ಸೆಯಿದೆ. ಗೆಳತಿಯರೊಂದಿಗೆ ಮಾತನಾಡುವ ನಿಮ್ಮ ಮಗಳ ವಿಷಯದಲ್ಲಿ ಸದ್ಯಕ್ಕೆ ಆ ಸೂಚನೆ ಕಾಣುವುದಿಲ್ಲ.

ಪ್ರಶ್ನೆ: ನಮಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಶಾಂತ ಸ್ವಭಾವದವಳು, ನಾಲ್ಕು ವರ್ಷದ ಚಿಕ್ಕವಳು ಮನೆಯನ್ನೇ ತಲೆ ಮೇಲೆ ಹೊತ್ತು ತಿರುಗುವವಳು. ಅವಳ ಆ ಹುರುಪೇ ನನಗೆ ಇಷ್ಟ. ಆದರೆ ಮೊನ್ನೆ ‘ಅಕ್ಕ ಒಳ್ಳೆಯವಳು, ನಾನು ಗಲಾಟೆ’ ಎಂದು ತಾನೇ ಹೇಳಿಕೊಂಡಳು. ಏನು ಮಾಡಲಿ?
– ಒಬ್ಬ ತಾಯಿ, ಮಂಗಳೂರು

ಉತ್ತರ: ಆ ವಾಕ್ಯ ಅವಳದಲ್ಲ, ಮನೆಯಲ್ಲಿ ಯಾರೋ ಆಡಿದ್ದನ್ನು ಅವಳು ಕಲಿತಿದ್ದಾಳೆ. ಗಲಾಟೆಯ ಕೆಲಸಗಳಿಗೆ ಮನೆಯಲ್ಲೊಂದು ಜಾಗ ಕೊಡಿ: ತೆಂಗಿನಗರಿ ಎಳೆದು ತರುವುದು, ಅಂಗಳಕ್ಕೆ ನೀರು ಚಿಮುಕಿಸುವುದು, ಮಹಡಿಯಲ್ಲಿರುವವರನ್ನು ಊಟಕ್ಕೆ ಕೂಗಿ ಕರೆಯುವುದು. ಅಕ್ಕನನ್ನು ಹೊಗಳುವುದನ್ನು ನಿಲ್ಲಿಸಬೇಕಾಗಿಲ್ಲ, ಹೊಗಳುವಾಗ ತಂಗಿಯ ಹೆಸರು ಅದೇ ವಾಕ್ಯದಲ್ಲಿ ಬರದಿದ್ದರೆ ಸಾಕು.