ಇಷ್ಟು ಮೆಲ್ಲಗೆ ಹಾಡಿದ್ರೆ ಕೇಳೋದು ಹೇಗೆ?

ಪ್ರಶ್ನೆ: ಫ್ರೆಂಡ್ ಹೇಳಿದ್ರು ಅಂತ ಅಮೆರಿಕದ ಗಾಯಕ ಸೂಫ್ಯಾನ್ ಸ್ಟೀವನ್ಸ್ ಅವರ 'ಕ್ಯಾರಿ ಆ್ಯಂಡ್ ಲೋವೆಲ್' ಆಲ್ಬಮ್ ಕೇಳ್ದೆ. ಡ್ರಮ್ಸ್ ಇಲ್ಲ, ವಾಯ್ಸ್ ಪಿಸುಗುಟ್ಟಿದ ಹಾಗಿದೆ, ಎಲ್ಲಾ ಹಾಡೂ ಒಂದೇ ಥರ ಅನ್ಸ್ತು. ಜನ ಯಾಕೆ ಇಷ್ಟು ಹಚ್ಕೊಂಡಿದ್ದಾರೆ?

ಉತ್ತರ: ಮೊದ್ಲು ಆ ಇಬ್ರು ಯಾರು ಅಂತ ತಿಳ್ಕೊಂಡ್ಬಿಡಿ. ಕ್ಯಾರಿ ಅಂದ್ರೆ ಸ್ಟೀವನ್ಸ್ ಅವರ ತಾಯಿ, ಲೋವೆಲ್ ಅಂದ್ರೆ ಮಲತಂದೆ. ತಾಯಿಗೆ ಸ್ಕಿಜೋಫ್ರೇನಿಯಾ, ಖಿನ್ನತೆ, ಜೊತೆಗೆ ಕುಡಿತ, ಮಕ್ಕಳು ತೀರಾ ಚಿಕ್ಕೋರಿದ್ದಾಗ್ಲೇ ಬಿಟ್ಟು ಹೋದ್ರು, ಆಮೇಲೆ ಲೋವೆಲ್ ಅವ್ರನ್ನ ಮದ್ವೆಯಾಗಿ ಒರೆಗಾನ್ ರಾಜ್ಯದಲ್ಲಿದ್ದಾಗ ಕೆಲವು ಬೇಸಿಗೆ ರಜೆ ಮಕ್ಕಳು ಅಲ್ಲಿ ಕಳೆದ್ರು. 2012ರಲ್ಲಿ ತಾಯಿ ತೀರ್ಕೊಂಡ್ರು, 2015ರಲ್ಲಿ ಈ ಆಲ್ಬಮ್ ಬಂತು.

ಈಗ ಅದ್ರಲ್ಲಿರೋ 'ಶುಡ್ ಹ್ಯಾವ್ ನೋನ್ ಬೆಟರ್' ಹಾಡು ಇನ್ನೊಂದ್ಸಲ ಹಾಕಿ. ಅಮ್ಮ ನಮ್ಮನ್ನ ವಿಡಿಯೋ ಅಂಗಡೀಲಿ ಬಿಟ್ಟು ಹೋದ್ಲು, ಆಗ ನಂಗೆ ಮೂರು, ಇಲ್ಲ ನಾಲ್ಕಿರ್ಬೇಕು ಅನ್ನೋ ಅರ್ಥ ಬರೋ ಹಾಗೆ ಹಾಡ್ತಾರೆ. ಆ ಅನುಮಾನವನ್ನ ತಿದ್ದದೆ ಹಾಗೇ ಬಿಟ್ಟಿದ್ದಾರಲ್ಲ, ನಂಗೆ ಇಡೀ ಆಲ್ಬಮ್‌ನಲ್ಲಿ ಎಲ್ಲಕ್ಕಿಂತ ಇಷ್ಟವಾದ ಜಾಗ ಅದು, ಮಗುವಿನ ನೆನಪು ಇರೋದೇ ಹಾಗೆ ಅಲ್ವಾ. ಹಾಡಿನ ಅರ್ಧದವರೆಗೆ ಗಿಟಾರ್ ತಂತಿ ಮೀಟೋ ಸದ್ದು ಬಿಟ್ರೆ ಹೆಚ್ಚೇನಿಲ್ಲ, ಆಮೇಲೆ ಕೀಬೋರ್ಡ್ ಸೇರ್ಕೊಂಡು ಒಂದು ಲಯ ಶುರುವಾಗತ್ತೆ, ಕಥೆ ಅಣ್ಣನ ಮಗಳು ಹುಟ್ಟಿದ ಖುಷಿ ಕಡೆ ಹೊರಳತ್ತೆ. ಬೇರೆಯವ್ರಾಗಿದ್ರೆ ಅಲ್ಲಿ ವಯಲಿನ್‌ಗಳ ದಂಡೇ ತಂದಿರೋರು!

ದನಿ ಅಷ್ಟು ಹತ್ತಿರ ಅನ್ಸೋಕೂ ಕಾರಣ ಇದೆ. ಅದೇ ಸಾಲನ್ನ ಎರಡು ಸಲ ಹಾಡಿ ಒಂದರ ಮೇಲೊಂದು ಕೂಡಿಸ್ತಾರೆ, ಹಾಗಾಗಿ ಪಿಸುಮಾತಾದ್ರೂ ತೆಳುವಾಗಲ್ಲ. ಕೆಲವು ಭಾಗ ಹೋಟೆಲ್ ರೂಮಲ್ಲಿ ಐಫೋನ್‌ನಲ್ಲೇ ರೆಕಾರ್ಡ್ ಮಾಡಿದ್ದು.

ಎಲ್ಲಾ ಒಂದೇ ಥರ ಅಂದ್ರಲ್ಲ, ನಿಜ, ವಾದ್ಯಗಳು ಕಮ್ಮಿ, ವೇಗವೂ ಹೆಚ್ಚು ಬದಲಾಗಲ್ಲ. ಅವ್ರಿಗೆ ದೊಡ್ಡದಾಗಿ ಮಾಡೋಕೆ ಬರಲ್ಲ ಅಂತ ಮಾತ್ರ ಅಂದ್ಕೋಬೇಡಿ, 2005ರ 'ಇಲಿನಾಯ್' ಆಲ್ಬಮ್‌ನಲ್ಲಿ 22 ಟ್ರ್ಯಾಕ್ ಇದೆ, ಕಹಳೆ, ತಂತಿವಾದ್ಯ, ಕೋರಸ್ ಎಲ್ಲಾ ತುಂಬಿ ತುಳುಕತ್ತೆ. ನೀವು ಅಲ್ಲಿರೋ 'ಕ್ಯಾಸಿಮಿರ್ ಪುಲಾಸ್ಕಿ ಡೇ'ಯಿಂದ ಶುರು ಮಾಡಿ. ಮೂಳೆ ಕ್ಯಾನ್ಸರ್ ಬಂದ ಹುಡುಗಿಯೊಬ್ಬಳ ಕಥೆ, ಬ್ಯಾಂಜೊ, ಗಿಟಾರ್, ಕೊನೇಲಿ ಕಹಳೆ. ಹೆಡ್‌ಫೋನ್ ಹಾಕಿ, ಸಾಹಿತ್ಯ ಮುಂದಿಟ್ಕೊಂಡು ಕೇಳಿ, ಬೇರೆ ಕೆಲಸ ಮಾಡ್ತಾ ಹಿನ್ನೆಲೇಲಿ ಹಾಕಿದ್ರೆ ಇದು ದಕ್ಕಲ್ಲ. ಆಮೇಲೆ 'ಕ್ಯಾರಿ ಆ್ಯಂಡ್ ಲೋವೆಲ್'ಗೆ ವಾಪಸ್ ಬನ್ನಿ, ಒಂದ್ಸಲಕ್ಕೆ ಎರಡು ಹಾಡು ಸಾಕು.