ನಟರ ಊರು, ನಟರ ಕಸುಬು

ತೀರ್ಥಹಳ್ಳಿಯ ಓದುಗರೊಬ್ಬರ ಪತ್ರ: "ನಮ್ಮ ಕಡೆಯೇ ತೆಗೆದ ಸಣ್ಣ ಬಜೆಟ್ಟಿನ ಸಿನಿಮಾದ ವಿಮರ್ಶೆಯಲ್ಲಿ ಅರ್ಧ ಪುಟ ನಟರ ಪೂರ್ವಾಪರಕ್ಕೇ ಹೋಗಿದೆ. ಯಾರು ಮೇಷ್ಟ್ರು, ಯಾರು ಅಡಿಕೆ ಸುಲಿಯುವವರು ಎಂಬುದು ನಮಗೇಕೆ? ಪರದೆಯ ಮೇಲೆ ಕಂಡಷ್ಟೇ ನಟನೆ."

ಸಂಪಾದಕರ ಉತ್ತರ:

ಒಪ್ಪಿದೆ, ನಟನೆ ಕೆಟ್ಟಿದ್ದರೆ ಕಸುಬಿನ ಕಥೆ ಹೇಳಿ ಅದನ್ನು ಉಳಿಸಲಾಗದು. ಆದರೆ ತೀರ್ಥಹಳ್ಳಿಯವರಾಗಿ ನೀವು ಹೀಗೆ ಕೇಳಬಾರದಿತ್ತು. ನಿಮ್ಮ ತಾಲ್ಲೂಕಿನ ಅನಂತಮೂರ್ತಿಯವರ ಕಾದಂಬರಿ 'ಸಂಸ್ಕಾರ' 1970ರಲ್ಲಿ ತೆರೆಗೆ ಬಂದಾಗ ಅದರಲ್ಲಿ ಇದ್ದವರಾದರೂ ಯಾರು? ನಾರಣಪ್ಪನ ಪಾತ್ರ ಮಾಡಿದ ಲಂಕೇಶರು ಶಿವಮೊಗ್ಗದ ಕೊನಗವಳ್ಳಿಯವರು, ಇಂಗ್ಲಿಷ್ ಮೇಷ್ಟ್ರು. ಪ್ರಾಣೇಶಾಚಾರ್ಯರಾದ ಗಿರೀಶ ಕಾರ್ನಾಡರು ಮದರಾಸಿನ ಪ್ರಕಟಣ ಸಂಸ್ಥೆಯಲ್ಲಿ ನೌಕರಿ ಮಾಡಿದವರು. ಚಂದ್ರಿಯಾದ ಸ್ನೇಹಲತಾ ರೆಡ್ಡಿ ಮದರಾಸಿನ ರಂಗಭೂಮಿಯವರು. ತುರ್ತುಪರಿಸ್ಥಿತಿಯಲ್ಲಿ ಜೈಲಿಗೆ ಹೋಗಿ, ಹೊರಬಂದ ಸ್ವಲ್ಪ ದಿನಕ್ಕೇ 1977ರ ಜನವರಿಯಲ್ಲಿ ತೀರಿಕೊಂಡರು. ಇಷ್ಟು ತಿಳಿದ ಮೇಲೆ ಚಂದ್ರಿಯ ಕಣ್ಣು ನೋಡಿ. ನಾನಂತೂ ಮೊದಲಿನ ಹಾಗೆ ನೋಡಲಾರದೆ ಹೋದೆ.

ಇನ್ನು ಸಾಗರದ ಹತ್ತಿರದ ಹೆಗ್ಗೋಡು. ಅಡಿಕೆ ತೋಟಗಳ ನಡುವೆ ಕೆ.ವಿ. ಸುಬ್ಬಣ್ಣನವರು 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆದರು, 1985ರಲ್ಲಿ 'ತಿರುಗಾಟ' ಎಂಬ ಸಂಚಾರಿ ನಾಟಕ ತಂಡ ಹೊರಡಿಸಿದರು. ಊರೂರು ಅಲೆದು, ನಾಟಕ ಮುಗಿದ ಮೇಲೆ ತಾವೇ ರಂಗಸಜ್ಜಿಕೆ ಬಿಚ್ಚಿ ಹೇರುವ ನಟರಿಗೆ ಮುಂದೆ ಕ್ಯಾಮೆರಾ ಎದುರು ನಿಂತಾಗ ಮೈ ಕೈ ಏನು ಮಾಡಬೇಕೆಂದು ಹೇಳಿಕೊಡಬೇಕಿಲ್ಲ. ಸಿನಿಮಾ ನಟ ಅಚ್ಯುತ್ ಕುಮಾರ್ ಅಲ್ಲಿ ಕಲಿತವರು. ಕಡೂರು ಕಡೆಯ ಸಂಚಾರಿ ವಿಜಯ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ರಂಗಭೂಮಿಗೆ ಬಂದು, ಸಿನಿಮಾಕ್ಕೆ ಬಂದು, ರಾಷ್ಟ್ರಪ್ರಶಸ್ತಿ ಪಡೆದು, 2021ರಲ್ಲಿ ಅಪಘಾತದಲ್ಲಿ ಹೋಗಿಬಿಟ್ಟರು. 'ತಿಥಿ' ಸಿನಿಮಾದಲ್ಲಿ ನಟಿಸಿದ ಮಂಡ್ಯದ ಹಳ್ಳಿಗರಂತೂ ಯಾವ ಶಾಲೆಯಲ್ಲೂ ನಟನೆ ಕಲಿತವರಲ್ಲ.

ನೀವು ಆಕ್ಷೇಪಿಸಿದ ಸಿನಿಮಾಕ್ಕೇ ಬರೋಣ. ಅಡಿಕೆ ಸುಲಿಯುವ ದೃಶ್ಯದಲ್ಲಿ ಆ ಹೆಂಗಸು ಸುಲಿಯುವ ಮೆಟ್ಟುಗತ್ತಿಯ ಕಡೆ ಒಮ್ಮೆಯೂ ನೋಡುವುದಿಲ್ಲ. ಎದುರು ಕೂತ ಸೊಸೆಯ ಮುಖ ನೋಡುತ್ತ ಜಗಳವಾಡುತ್ತಾಳೆ, ಕೈ ತನ್ನ ಪಾಡಿಗೆ ಸುಲಿಯುತ್ತಲೇ ಇರುತ್ತದೆ. ಬೆರಳಿನ ತುದಿಯ ಕಪ್ಪು ಬಣ್ಣ ಹಚ್ಚಿ ತಂದದ್ದಲ್ಲ, ಅಡಿಕೆಯ ಚೊಗರು, ಸುಲಿದು ಸುಲಿದು ಹತ್ತಿದ ಕಲೆ. ಅದನ್ನು ಹೇಳದೆ ವಿಮರ್ಶೆ ಬರೆಯುವುದು ಹೇಗೆ ಸ್ವಾಮಿ?

ನಿಜವಾದ ಸಂಕಟ ಬೇರೆ ಇದೆ. ದೊಡ್ಡ ನಟರ ಕಾರು, ನಾಯಿ, ಹುಟ್ಟುಹಬ್ಬದ ಕೇಕು ಪತ್ರಿಕೆಗಳಲ್ಲಿ ಪುಟಗಟ್ಟಲೆ ಬಂದಾಗ "ನಮಗೇಕೆ" ಎಂದು ಯಾರೂ ಪತ್ರ ಬರೆಯುವುದಿಲ್ಲ. ಸುಲಿಯುವವಳ ಬಗ್ಗೆ ನಾಲ್ಕು ಸಾಲು ಬಂದರೆ ಜಾಗ ಹಾಳಾಯಿತು ಅನ್ನಿಸುತ್ತದೆ. ನಮ್ಮ ಪಕ್ಕದ ಮನೆಯ ಅಕ್ಕ ಎಷ್ಟೋ ವರ್ಷದ ಹಿಂದೆ ಒಂದು ಸಿನಿಮಾದಲ್ಲಿ ಮೂರು ದಿನ ನಟಿಸಿದರು. ಗದ್ದೆ ಕೆಲಸ ಬಿಟ್ಟು ಹೋಗಿದ್ದರು. ಕೊಟ್ಟದ್ದು ಊಟ ಮತ್ತು ಬಸ್ಸಿನ ದುಡ್ಡು. ಬಿಡುಗಡೆಯಾದಾಗ ಮೊಮ್ಮಕ್ಕಳನ್ನು ಕಟ್ಟಿಕೊಂಡು ಶಿವಮೊಗ್ಗಕ್ಕೆ ಹೋದರು. ಕೊನೆಯಲ್ಲಿ ಹೆಸರುಗಳು ಓಡುವಾಗ ಜನ ಎದ್ದು ಹೊರಟರೂ ಅವರು ಕೂತೇ ಇದ್ದರು. ಜನರೇಟರ್ ಬಾಡಿಗೆ ಕೊಟ್ಟವರ ಹೆಸರಿತ್ತು, ಅವರದ್ದಿರಲಿಲ್ಲ.

ಆದ್ದರಿಂದ ಆ ಅರ್ಧ ಪುಟ ಇನ್ನು ಮುಂದೆಯೂ ಇರುತ್ತದೆ. ನೀವು ಸಿನಿಮಾವನ್ನು ಗಮನವಿಟ್ಟು ನೋಡುವವರೆಂದು ಪತ್ರದಿಂದಲೇ ಗೊತ್ತಾಗುತ್ತದೆ. ನಿಮ್ಮಿಂದ ಒಂದು ಕೆಲಸವಾಗಬೇಕು. ನಿಮ್ಮೂರಿನ ಸುತ್ತ ಚಿತ್ರೀಕರಣ ನಡೆದಾಗ ಯಾರ್‍ಯಾರು ನಟಿಸಿದ್ದರು, ಏನು ಕೆಲಸ ಮಾಡಿಕೊಂಡಿದ್ದರು, ಅವರನ್ನೇ ಕೇಳಿ, ಒಪ್ಪಿದವರ ವಿವರ ಬರೆದು ಕಳಿಸಿ. ಅಚ್ಚು ಹಾಕುತ್ತೇವೆ.